ದೇವರ ಅಡಿಯಲ್ಲಿ ನಿಂತು ನುಡಿಸಿದವರು: ಕಳಸ ಸೀಮೆಯ ದೇವಾಡಿಗರ ಸೇವೆ ಮತ್ತು ಬದುಕು

ಸಹ್ಯಾದ್ರಿಯ ಮಡಿಲಿನಲ್ಲಿ, ಭದ್ರಾನದಿಯ ತಟದಲ್ಲಿ ನೆಲೆಸಿರುವ ಕಳಸವು ಪ್ರಾಚೀನವಾದ ಶಿವಕ್ಷೇತ್ರ. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಕಳಸೇಶ್ವರ ದೇವಾಲಯಕ್ಕೆ ಬರುವ ಭಕ್ತನು ಮೆಟ್ಟಿಲುಗಳನ್ನೇರಿ ದೇವರ ದರ್ಶನ ಪಡೆಯುತ್ತಾನೆ, ಅರ್ಚಕರಿಂದ ತೀರ್ಥಪ್ರಸಾದ ಸ್ವೀಕರಿಸುತ್ತಾನೆ, ಶಾಸನದ ಕಲ್ಲುಗಳನ್ನು ಕಂಡು ದಾನ ಕೊಟ್ಟ ಅರಸರನ್ನು ನೆನೆಯುತ್ತಾನೆ. ಇಂಥ ಮಲೆನಾಡಿನ ದೇವಾಲಯಗಳ ಹೊರಾಂಗಣದಲ್ಲಿ ನಿಂತು ನಾಗಸ್ವರ ಊದುವವನನ್ನು, ಡೋಲು ನುಡಿಸುವವನನ್ನು, ಶಂಖ ಜಾಗಟೆಗಳ ಸೇವೆ ಮಾಡುವವನನ್ನು ಕಿವಿ ಕೇಳುತ್ತದೆಯೇ ಹೊರತು ಕಣ್ಣು ನೋಡುವುದು ಕಡಿಮೆ. ನಾದವು ಎಲ್ಲರನ್ನೂ ತಲುಪುತ್ತದೆ. ನಾದಕ್ಕೆ ಉಸಿರು ಕೊಟ್ಟವನ ಹೆಸರು ಯಾರನ್ನೂ ತಲುಪುವುದಿಲ್ಲ. ಈ ಹೆಸರಿಲ್ಲದ ಸೇವೆಯನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದವರಲ್ಲಿ ದೇವಾಡಿಗ ಸಮುದಾಯದವರು ಪ್ರಮುಖರು.

ದೇವಾಡಿಗರನ್ನು ಮೊಯ್ಲಿ, ಶೇರಿಗಾರ ಎಂಬ ಹೆಸರುಗಳಿಂದಲೂ ಕರೆಯುವುದುಂಟು. ದೇವರ ಅಡಿಯಲ್ಲಿ, ಅಂದರೆ ಪಾದದ ಬಳಿಯಲ್ಲಿ ಇರುವವನು ದೇವಾಡಿಗ ಎಂದು ಸಮುದಾಯದ ಹಿರಿಯರು ಈ ಹೆಸರನ್ನು ಅರ್ಥೈಸುತ್ತಾರೆ. ಕರಾವಳಿಯ ದಕ್ಷಿಣ ಭಾಗದಲ್ಲಿ ಇವರ ಮನೆಮಾತು ತುಳು; ಕುಂದಾಪುರದ ಕಡೆಗೆ ಕನ್ನಡ. ಕರಾವಳಿಯೇ ಇವರ ಮುಖ್ಯ ನೆಲೆಯಾದರೂ ಘಟ್ಟದ ಮೇಲಿನ ಕಳಸ, ಹೊರನಾಡು, ಶೃಂಗೇರಿ, ಕೊಪ್ಪ, ಮೂಡಿಗೆರೆಗಳ ಸೀಮೆಯಲ್ಲಿಯೂ ಇವರ ಮನೆತನಗಳಿವೆ. ಬಯಲುಸೀಮೆಯಲ್ಲಿ ತಮ್ಮಡಿಗಳು, ಗುರವರು, ಹೂಗಾರರು ಶಿವಾಲಯಗಳಲ್ಲಿ ಸಲ್ಲಿಸುತ್ತ ಬಂದ ಸೇವೆಯನ್ನು ಬಲ್ಲವರಿಗೆ ದೇವಾಡಿಗರ ಬದುಕು ಅಪರಿಚಿತವೆನಿಸದು. ದೇವಾಲಯವನ್ನೇ ನಂಬಿದ, ಆದರೆ ದೇವಾಲಯದ ಸಂಪತ್ತಿನಲ್ಲಿ ಪಾಲಿಲ್ಲದ ಬದುಕು ಅದು.

ಕರಾವಳಿಯ ಈ ಸಮುದಾಯವು ಘಟ್ಟದ ಮೇಲೆ ಹೇಗೆ ಬಂದಿತೆಂಬುದನ್ನು ತಿಳಿಯಲು ಈ ನಾಡಿನ ರಾಜಕೀಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಹೊಂಬುಜದಲ್ಲಿ ರಾಜ್ಯ ಕಟ್ಟಿದ ಜಿನದತ್ತರಾಯನ ವಂಶದ ಸಾಂತರರು ಕಾಲಾಂತರದಲ್ಲಿ ಕಳಸವನ್ನೂ ಆ ಬಳಿಕ ಘಟ್ಟದ ಕೆಳಗಿನ ಕಾರ್ಕಳವನ್ನೂ ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ಚರಿತ್ರೆಯಲ್ಲಿ ಇದು ಕಳಸ-ಕಾರ್ಕಳ ರಾಜ್ಯವೆಂದೇ ಪ್ರಸಿದ್ಧ. 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯನು ಈ ವಂಶದವನು. ಅರಸರು ಜೈನರಾಗಿದ್ದರೂ ಕಳಸನಾಥನೆಂಬ ಶಿವನಿಗೆ ದತ್ತಿಗಳನ್ನು ಬಿಟ್ಟರು. ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆ ಇದ್ದುದರಿಂದ ಜನ, ಭಾಷೆ, ದೈವಾರಾಧನೆ, ದೇವಾಲಯದ ಪದ್ಧತಿ ಎಲ್ಲವೂ ಎರಡೂ ಕಡೆ ಹರಿದಾಡಿದವು. ಇಂದಿಗೂ ಕಳಸದ ಪೇಟೆಯಲ್ಲಿ ಕನ್ನಡದ ಜೊತೆಗೆ ತುಳು ಕೇಳಿಬರುವುದರ ಹಿನ್ನೆಲೆ ಇಲ್ಲಿದೆ.

ಸಾಂತರ ಅರಸರ ಶಾಸನಗಳಲ್ಲಿ ಬರುವ ಬಿರುದೊಂದು ಇಲ್ಲಿ ಗಮನಾರ್ಹ. ಅವರು ತಮ್ಮನ್ನು ಪಂಚಮಹಾಶಬ್ದಗಳನ್ನು ಪಡೆದ ಮಹಾಮಂಡಲೇಶ್ವರರು ಎಂದು ಕರೆದುಕೊಂಡರು. ಕೊಂಬು, ತಮ್ಮಟೆ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಅದು. ಚಕ್ರವರ್ತಿಯು ಒಲಿದು ಸಾಮಂತನಿಗೆ ಕೊಡುತ್ತಿದ್ದ ಗೌರವಗಳಲ್ಲಿ ಇದು ದೊಡ್ಡದು. ಅರಸನಿಗೆ ಸಲ್ಲುವ ಈ ವಾದ್ಯಗೌರವವು ದೇವಾಲಯದಲ್ಲಿ ದೇವರಿಗೂ ಸಲ್ಲುತ್ತದೆ. ವಾದ್ಯವು ಮುಂದೆ ಸಾಗಿದರೆ ಹಿಂದೆ ಬರುವವನು ದೊಡ್ಡವನೆಂದು ಲೋಕ ತಿಳಿಯುತ್ತದೆ. ಆದರೆ ಕೊಂಬಿಗೆ ಉಸಿರು ತುಂಬಿದವನು ಯಾರು, ಭೇರಿಯನ್ನು ಹೊತ್ತು ನಡೆದವನು ಯಾರು ಎಂಬುದು ಆ ಬಿರುದಿನಲ್ಲಿಲ್ಲ. ನಾದದಿಂದ ಬಂದ ಮರ್ಯಾದೆಯು ನುಡಿಸಿಕೊಂಡವನಿಗೆ ಸಂದಿತು, ನುಡಿಸಿದವನಿಗೆ ಸಲ್ಲಲಿಲ್ಲ. ದೇವಾಡಿಗರ ಚರಿತ್ರೆಯ ತಿರುಳು ಈ ಒಂದು ಮಾತಿನಲ್ಲಿದೆ.

ದೇವಾಲಯದ ವಾದ್ಯಸೇವೆಯು ಮೇಲುನೋಟಕ್ಕೆ ಕಾಣುವಷ್ಟು ಸುಲಭವಾದುದಲ್ಲ. ಬೆಳಗಿನ ಜಾವದಲ್ಲಿ ಬಾಗಿಲು ತೆರೆಯುವ ಮುನ್ನ ವಾದ್ಯದವನು ಮಿಂದು ಮಡಿಯಾಗಿ ಅಂಗಳದಲ್ಲಿರಬೇಕು. ಪ್ರಾತಃಕಾಲಕ್ಕೆ ಭೂಪಾಳ, ರಾತ್ರಿಯ ಶಯನಸೇವೆಗೆ ನೀಲಾಂಬರಿ ಎಂದು ನಾಗಸ್ವರದ ಪರಂಪರೆಯಲ್ಲಿ ಹೊತ್ತಿಗೆ ತಕ್ಕ ರಾಗಗಳುಂಟು. ಮಧ್ಯಾಹ್ನದ ಮಹಾಪೂಜೆ, ಸಂಜೆಯ ದೀಪಾರಾಧನೆ, ಉತ್ಸವದ ಬಲಿ, ರಥೋತ್ಸವ ಒಂದೊಂದಕ್ಕೂ ಬೇರೆ ಬೇರೆ ನಡೆಗಳಿವೆ. ಉತ್ಸವಮೂರ್ತಿಯು ಪ್ರಾಂಗಣವನ್ನು ಬಲಬರುವಾಗ ಚೆಂಡೆಯ ಸುತ್ತು, ವಾದ್ಯದ ಸುತ್ತು ಎಂದು ಸುತ್ತುಗಳೇ ವಾದ್ಯದ ಹೆಸರಿನಿಂದ ನಡೆಯುವ ಪದ್ಧತಿ ಈ ಸೀಮೆಯ ಸಂಪ್ರದಾಯದಲ್ಲಿದೆ. ದೇವರನ್ನು ಹೊತ್ತವನ ಹೆಜ್ಜೆಯನ್ನು ನಿಯಂತ್ರಿಸುವುದು ಡೋಲಿನ ಪೆಟ್ಟು. ಪೆಟ್ಟು ತಪ್ಪಿದರೆ ಹೆಜ್ಜೆ ತಪ್ಪುತ್ತದೆ. ಇಷ್ಟಲ್ಲದೆ ಅಂಗಳ ಗುಡಿಸುವುದು, ದೀವಟಿಗೆ ಹಿಡಿಯುವುದು ಮುಂತಾದ ಚಾಕರಿಗಳೂ ಅನೇಕ ಕಡೆ ಇವರ ಪಾಲಿಗೇ ಬಂದಿದ್ದವು.

ಈ ವಿದ್ಯೆಗೆ ಪಾಠಶಾಲೆ ಇರಲಿಲ್ಲ. ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಅದು ಹರಿದುಬಂದಿತು. ಕರಾವಳಿಯ ದೇವಾಡಿಗರಲ್ಲಿ ಅಳಿಯಸಂತಾನದ ಪದ್ಧತಿ ಇದ್ದುದರಿಂದ ಸೋದರಮಾವನೇ ಅನೇಕರಿಗೆ ಗುರು. ಬಾಲಕನು ಮೊದಲು ತಾಳ ಹಿಡಿಯುತ್ತಿದ್ದನು, ಬಳಿಕ ಶ್ರುತಿ ಹಿಡಿಯುತ್ತಿದ್ದನು, ವರ್ಷಗಳು ಕಳೆದ ಮೇಲೆ ನಾಗಸ್ವರವು ಅವನ ಕೈಗೆ ಬರುತ್ತಿತ್ತು. ಬರಹವಿಲ್ಲದ ವಿದ್ಯೆಯಾದುದರಿಂದ ಒಂದು ತಲೆಮಾರು ಕೈಬಿಟ್ಟರೆ ಅದು ಮರಳಿ ದೊರಕುವಂಥದಲ್ಲ.

ಸೇವೆಗೆ ಪ್ರತಿಯಾಗಿ ದೊರೆಯುತ್ತಿದ್ದುದು ಉಂಬಳಿ. ಅರಸನೋ ಊರಿನ ಒಡೆಯನೋ ದೇವಾಲಯಕ್ಕೆ ಬಿಟ್ಟ ಭೂಮಿಯಲ್ಲಿ ಒಂದು ತುಂಡು ಗದ್ದೆಯನ್ನು ವಾದ್ಯದವರ ಜೀವನಕ್ಕೆಂದು ಗೊತ್ತುಮಾಡುವುದು ಹಳೆಯ ಕ್ರಮ. ಇದರೊಂದಿಗೆ ನೈವೇದ್ಯದ ಅನ್ನ, ಸುಗ್ಗಿಯಲ್ಲಿ ಅಳೆದು ಕೊಡುವ ಭತ್ತ, ಉತ್ಸವದಲ್ಲಿ ವಸ್ತ್ರ. ಸಾಂತರರು ಹೋದರು, ಕೆಳದಿಯ ಅರಸರು ಬಂದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರ ನಂತರ ಈ ಮಲೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದವು, ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯು ಕಂಪನಿ ಸರ್ಕಾರದ ಪಾಲಾಯಿತು. ಒಂದೇ ಸಮುದಾಯವು ಎರಡು ಸರ್ಕಾರಗಳ ಕೆಳಗೆ ಹಂಚಿಹೋಯಿತು. ಆಳುವವರು ಬದಲಾದರೂ ಉಂಬಳಿಯ ಪದ್ಧತಿ ಬಹುಕಾಲ ನಿಂತಿತು. ಅದು ಸಮೃದ್ಧಿಯನ್ನು ಕೊಡಲಿಲ್ಲ, ಆದರೆ ಹೊಟ್ಟೆಯ ಚಿಂತೆಯನ್ನು ತಕ್ಕಮಟ್ಟಿಗೆ ನೀಗಿಸಿತು.

ಮಾನದ ವಿಷಯದಲ್ಲಿ ಮಾತ್ರ ಈ ಸಮುದಾಯವು ಬಹಳ ನೋವನ್ನುಂಡಿತು. ದೇವರಿಗೆ ಅಷ್ಟು ಹತ್ತಿರವಿದ್ದವರನ್ನು ಸಮಾಜವು ದೂರದಲ್ಲಿಯೇ ನಿಲ್ಲಿಸಿತು. 1800-01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಮೊಯ್ಲಿಗಳ ಹುಟ್ಟಿನ ಬಗೆಗೆ ತಾನು ಕೇಳಿದ ಹೀನಾಯವಾದ ಕಥೆಯನ್ನು ಬರೆದಿಟ್ಟನು. ಆ ಗ್ರಂಥವು 1807ರಲ್ಲಿ ಅಚ್ಚಾಯಿತು. ಅನ್ಯರ ಬಾಯಿಯಿಂದ ಕೇಳಿದ ಮಾತು ಅಚ್ಚಾದೊಡನೆ ಆಧಾರವೆನಿಸಿತು. ಮುಂದಿನ ಶತಮಾನದ ಜಾತಿವರ್ಣನೆಯ ಗ್ರಂಥಗಳು ಅದನ್ನೇ ಆಧಾರವಾಗಿ ಹಿಡಿದವು. ಸೇವೆ ಮಾಡುವವರನ್ನು ಯಾರೂ ಅವರ ಚರಿತ್ರೆಯೇನೆಂದು ಕೇಳಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರನ್ನು ಇಲ್ಲಿ ನೆನೆಯುವುದು ಉಚಿತ. ಅರಸರ ಬಿರುದಿನಲ್ಲಿ ವಾದ್ಯದವನಿಗೆ ಹೆಸರಿರಲಿಲ್ಲ. ಶರಣರ ಸಮೂಹದಲ್ಲಿ ವಾದ್ಯವೇ ಹೆಸರಾಯಿತು. ಢಕ್ಕೆ ನುಡಿಸುವ ಕಾಯಕದ ಬೊಮ್ಮಣ್ಣನು ಢಕ್ಕೆಯ ಬೊಮ್ಮಣ್ಣನೆಂದೇ, ಕಿನ್ನರಿ ನುಡಿಸಿದ ಬ್ರಹ್ಮಯ್ಯನು ಕಿನ್ನರಿ ಬ್ರಹ್ಮಯ್ಯನೆಂದೇ, ವೇಷ ಕಟ್ಟಿ ಆಡಿದ ಚೌಡಯ್ಯನು ಬಹುರೂಪಿ ಚೌಡಯ್ಯನೆಂದೇ ಪೂಜ್ಯರಾದರು. ಅವರ ಕಾಯಕವನ್ನು ಮರೆಮಾಚಿ ಅವರನ್ನು ದೊಡ್ಡವರನ್ನಾಗಿ ಮಾಡಲಿಲ್ಲ. ಕಾಯಕದ ಮೂಲಕವೇ ದೊಡ್ಡವರೆಂದು ಒಪ್ಪಿದರು. ದೇವಾಡಿಗರು ಆ ಚಳವಳಿಯೊಳಗೆ ಬಂದವರಲ್ಲ, ಅವರ ಪರಂಪರೆ ಬೇರೆ. ಆದರೂ ಯಾವ ಸೇವೆಯನ್ನೇ ಅಳೆಯುವಾಗ ಈ ಅಳತೆಗೋಲನ್ನು ಹಿಡಿದು ನೋಡಬಹುದು: ಮಾಡಿದ ಕೆಲಸಕ್ಕೆ ಅನ್ನ ಸಿಕ್ಕಿತೇ, ಮಾಡಿದವನಿಗೆ ಹೆಸರು ಸಿಕ್ಕಿತೇ?

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳ ಬದುಕನ್ನೇ ಮಾರ್ಪಡಿಸಿದ್ದು ಕಾಫಿ. ಬಾಬಾಬುಡನರು ಹದಿನೇಳನೆಯ ಶತಮಾನದಲ್ಲಿ ಅರಬ್ ನಾಡಿನಿಂದ ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಬ್ರಿಟಿಷರ ಕಾಲದಲ್ಲಿ ತೋಟಗಳು ಹಬ್ಬಿದಾಗ ಘಟ್ಟದ ಕೆಳಗಿನಿಂದ ಕೂಲಿಗಾಗಿ ಸಾವಿರಾರು ಜನ ಘಟ್ಟ ಹತ್ತಿದರು. ಚಾರ್ಮಾಡಿಯ ದಾರಿಯಾಗಿ ಮೂಡಿಗೆರೆಗೆ ಬಂದ ತುಳುವರಲ್ಲಿ ಅನೇಕ ಸಮುದಾಯಗಳವರಿದ್ದರು, ದೇವಾಡಿಗರೂ ಇದ್ದರು. ದೇವಾಲಯದ ಉಂಬಳಿಯನ್ನು ನಂಬಿದ ಹಳೆಯ ಮನೆತನಗಳ ಜೊತೆಗೆ ತೋಟದ ಕೂಲಿಯನ್ನು ನಂಬಿದ ಹೊಸ ಮನೆತನಗಳೂ ಸೇರಿಕೊಂಡವು.

ಮಲೆನಾಡಿನ ಋತುಚಕ್ರವನ್ನು ಬಲ್ಲವರಿಗೆ ಇಲ್ಲಿನ ಒಂದು ಕಷ್ಟ ಕೂಡಲೇ ಅರ್ಥವಾಗುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ಉತ್ಸವಗಳಿಲ್ಲ, ಮದುವೆಗಳೂ ವಿರಳ. ವಾದ್ಯಗಳು ಗೂಟಕ್ಕೆ ತೂಗುತ್ತವೆ. ಕಾರ್ತಿಕದ ದೀಪೋತ್ಸವದಿಂದ ವೈಶಾಖದ ತನಕ ವಾದ್ಯದವರಿಗೆ ಕರೆ ಬರುತ್ತದೆ. ಅರೇಬಿಕಾ, ರೊಬಸ್ಟಾ ಹಣ್ಣು ಕೊಯ್ಯುವ ಕಾಲವೂ ಅದೇ. ತೋಟದಲ್ಲಿ ಕೂಲಿ ಹೆಚ್ಚು ಸಿಗುವುದು ನವೆಂಬರಿನಿಂದ ಮಾರ್ಚಿಯವರೆಗೆ. ಹೀಗಾಗಿ ಬಡ ವಾದ್ಯದವನ ಮುಂದೆ ಪ್ರತಿವರ್ಷ ಒಂದೇ ಪ್ರಶ್ನೆ: ದೇವರ ಸೇವೆಗೆ ಹೋಗುವುದೋ, ಮನೆಯ ಗಂಜಿಗೆ ಹೋಗುವುದೋ? 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆಯು ಬಂದಾಗ ತೋಟದ ಕೂಲಿಯವನಿಗೆ ವಸತಿ, ವೈದ್ಯಕೀಯ ನೆರವು, ಮಕ್ಕಳ ವಿದ್ಯೆಗೆ ಏರ್ಪಾಡು ಇವೆಲ್ಲವೂ ಕಾನೂನಿನ ಹಕ್ಕುಗಳಾದವು. ಅದೇ ಬೆಟ್ಟದ ಗುಡಿಯಲ್ಲಿ ಮುಂಜಾವಿನಲ್ಲಿ ಊದುತ್ತಿದ್ದವನಿಗೆ ಅಂಥ ಹಕ್ಕು ಯಾವುದೂ ಇರಲಿಲ್ಲ. ಅವನು ಕಾರ್ಮಿಕನಲ್ಲ, ಸೇವಕನೆಂಬುದೇ ಅದಕ್ಕೆ ಕಾರಣ. ಸೇವೆಯೆಂಬ ಪೂಜ್ಯವಾದ ಶಬ್ದವು ಅವನ ಪಾಲಿಗೆ ಬರಿಗೈಯ ಕಾರಣವಾಯಿತು.

ಇದಾದ ಕೆಲವೇ ವರ್ಷಗಳಲ್ಲಿ ಉಂಬಳಿಯೂ ಕೊನೆಗೊಂಡಿತು. ಮೈಸೂರು ಸಂಸ್ಥಾನದ ಸೀಮೆಗೆ ಅನ್ವಯಿಸುವಂತೆ 1955ರಲ್ಲಿ ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳನ್ನು ರದ್ದುಪಡಿಸುವ ಕಾಯ್ದೆಯಾಯಿತು. 1974ರ ಭೂಸುಧಾರಣೆಯು ಗೇಣಿ ಪದ್ಧತಿಯನ್ನೇ ತೊಡೆದುಹಾಕಿತು. ಉಳುವವನು ನೆಲದ ಒಡೆಯನಾದದ್ದು ನ್ಯಾಯವೇ ಸರಿ. ಅದರಿಂದ ಎಷ್ಟೋ ಬಡ ಗೇಣಿದಾರರ ಮನೆಗಳು ಬೆಳಗಿದವು. ಆದರೆ ದೇವಾಲಯಕ್ಕೆ ಭೂಮಿಯ ಬದಲಾಗಿ ದೊರೆತದ್ದು ತಸ್ತೀಕೆಂಬ ವಾರ್ಷಿಕ ನಗದು. ಭತ್ತದ ಅಳತೆಯು ಎಂದಿಗೂ ಭತ್ತವೇ. ನಗದಿನ ಬೆಲೆ ವರ್ಷ ವರ್ಷಕ್ಕೆ ಕುಗ್ಗುವಂಥದು. ಸಣ್ಣ ಗುಡಿಗಳಿಗೆ ಬಂದ ತಸ್ತೀಕು ದೀಪದ ಎಣ್ಣೆಗೂ ನೈವೇದ್ಯಕ್ಕೂ ಸಾಲದಾದಾಗ ಮೊದಲು ನಿಂತುಹೋದದ್ದು ವಾದ್ಯ. ಪೂಜೆಯಿಲ್ಲದೆ ಗುಡಿ ನಡೆಯದು, ವಾದ್ಯವಿಲ್ಲದೆ ನಡೆಯಬಹುದು ಎಂಬ ಲೆಕ್ಕ ಅದು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯು 2003ರಲ್ಲಿ ಜಾರಿಗೆ ಬಂದ ಮೇಲೆ ರಾಜ್ಯದ ಮುಜರಾಯಿ ದೇವಾಲಯಗಳಿಗೆ ಒಂದೇ ಕಾನೂನು ಆಯಿತು. ಆದಾಯವುಳ್ಳ ದೊಡ್ಡ ಕ್ಷೇತ್ರಗಳಲ್ಲಿ ನೌಕರರಿಗೆ ವೇತನದ ವ್ಯವಸ್ಥೆ ಕಂಡುಬಂದರೂ ಬಹುಸಂಖ್ಯೆಯ ಗುಡಿಗಳು ಅಲ್ಪ ಆದಾಯದ ಸಿ ವರ್ಗಕ್ಕೆ ಸೇರಿದವು. ಅಂಥ ಗುಡಿಗಳ ತಸ್ತೀಕನ್ನು 2022ರ ಆಯವ್ಯಯದಲ್ಲಿ ವರ್ಷಕ್ಕೆ 48 ಸಾವಿರದಿಂದ 60 ಸಾವಿರ ರೂಪಾಯಿಗೆ ಏರಿಸಲಾಯಿತು. ಲೆಕ್ಕ ಹಾಕಿದರೆ ಅದು ಆಗ ತಿಂಗಳಿಗೆ ಐದು ಸಾವಿರವಾಗಿತ್ತು. ಅರ್ಚಕರ ಮನೆಯೇ ಅದರಲ್ಲಿ ನಡೆಯುವುದು ದುಸ್ತರವಾಗಿದ್ದಾಗ ವಾದ್ಯದವರ ಪಾಲನ್ನು ಕೇಳುವುದೆಲ್ಲಿ?

ಹೊರಗಿನಿಂದ ನೆರವು ಬಾರದಿದ್ದಾಗ ಸಮುದಾಯವು ತನ್ನ ಕಾಲ ಮೇಲೆ ತಾನೇ ನಿಲ್ಲಲು ತೊಡಗಿತು. ಕರಾವಳಿಯ ಇತರರಂತೆ ದೇವಾಡಿಗ ಯುವಕರೂ ಅನ್ನವನ್ನರಸಿ ಮುಂಬಯಿಗೆ ಹೋಗಿದ್ದರು. ಅಲ್ಲಿ ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುತ್ತಿದ್ದವರು ಕೂಡಿ 1925ರಲ್ಲಿ ದೇವಾಡಿಗ ಸಂಘವನ್ನು ಸ್ಥಾಪಿಸಿದರು. ಊರಿನಲ್ಲಿ ಉಂಬಳಿ ಇನ್ನೂ ಇದ್ದ ಕಾಲದಲ್ಲಿಯೇ, ಅದು ಶಾಶ್ವತವಲ್ಲವೆಂದು ಅರಿತವರಂತೆ, ದೂರದ ನಗರದಲ್ಲಿ ದುಡಿಯುವವರು ವಿದ್ಯೆಯ ಕಡೆಗೆ ಮುಖ ಮಾಡಿದ್ದು ವಿಶೇಷ. ಮುಂದೆ ಮಂಗಳೂರು, ಉಡುಪಿ, ಬೆಂಗಳೂರುಗಳಲ್ಲಿ, ಘಟ್ಟದ ಮೇಲಿನ ಪೇಟೆಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿಯೂ ಸಂಘಗಳು ಹುಟ್ಟಿದವು. ವಿದ್ಯಾರ್ಥಿವೇತನ, ರೋಗಿಗಳಿಗೆ ನೆರವು, ಬಡವರ ಮದುವೆಗೆ ಸಹಾಯ, ಪ್ರತಿಭಾ ಪುರಸ್ಕಾರ ಇವು ಈ ಸಂಘಗಳ ನಿತ್ಯದ ಕಾರ್ಯಗಳು. ಬಾರ್ಕೂರಿನಲ್ಲಿ ಸಮುದಾಯದವರು ಏಕನಾಥೇಶ್ವರಿಯ ದೇವಾಲಯವನ್ನು ತಾವೇ ಕಟ್ಟಿಕೊಂಡರು. ಶತಮಾನಗಳ ಕಾಲ ಅನ್ಯರ ಆಡಳಿತದ ಗುಡಿಗಳಲ್ಲಿ ಅಂಗಳದ ಸೇವೆ ಮಾಡಿದವರು ತಮ್ಮದೇ ದೇವಾಲಯದ ಆಡಳಿತವನ್ನು ಕೈಗೆತ್ತಿಕೊಂಡದ್ದು ಸಣ್ಣ ಸಂಗತಿಯಲ್ಲ.

ಸರ್ಕಾರದ ಕಡೆಯಿಂದಲೂ ದಾರಿ ತೆರೆಯಿತು. ದೇವರಾಜ ಅರಸು ಅವರ ಕಾಲದಲ್ಲಿ ನೇಮಕವಾದ ಹಾವನೂರು ಆಯೋಗವು 1975ರಲ್ಲಿ ವರದಿ ನೀಡಿದ ಮೇಲೆ ಹಿಂದುಳಿದ ಸಮುದಾಯಗಳ ಮಕ್ಕಳಿಗೆ ಶಾಲೆ ಮತ್ತು ಉದ್ಯೋಗಗಳ ಬಾಗಿಲು ತೆರೆಯಿತು. ಇಂದು ದೇವಾಡಿಗರು ಪ್ರವರ್ಗ 2ಎ ಪಟ್ಟಿಯಲ್ಲಿದ್ದಾರೆ. ಮೂಡುಬಿದಿರೆಯ ಬಳಿಯ ಮಾರ್ಪಾಡಿಯಲ್ಲಿ 1940ರಲ್ಲಿ ಈ ಸಮುದಾಯದಲ್ಲಿ ಜನಿಸಿದ ಎಂ. ವೀರಪ್ಪ ಮೊಯ್ಲಿಯವರು 1992ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆಯು ರೂಪುಗೊಂಡದ್ದು ಅವರ ಆಡಳಿತದ ಅವಧಿಯಲ್ಲಿ. ಹಣವಿಲ್ಲದ ಮನೆಯ ಮಕ್ಕಳೂ ಅಂಕದ ಬಲದಿಂದ ವೈದ್ಯರೂ ಇಂಜಿನಿಯರರೂ ಆಗಲು ಅದು ನೆರವಾಯಿತು. ಅವರ ‘ಶ್ರೀ ರಾಮಾಯಣ ಮಹಾನ್ವೇಷಣಂ’ ಕಾವ್ಯಕ್ಕೆ 2014ನೆಯ ಸಾಲಿನ ಸರಸ್ವತಿ ಸಮ್ಮಾನ್ ಸಂದಿತು. ಹೀನಾಯವಾದ ಕಥೆಯೊಂದಿಗೆ ಗ್ರಂಥಗಳಲ್ಲಿ ಬರೆಯಲ್ಪಟ್ಟಿದ್ದ ಮೊಯ್ಲಿ ಎಂಬ ಹೆಸರು ವಿಧಾನಸೌಧದಲ್ಲಿಯೂ ಕಾವ್ಯದ ಮುಖಪುಟದಲ್ಲಿಯೂ ಗೌರವದಿಂದ ನಿಂತಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮರೆಯಲಾಗದು. ವಿದ್ಯೆ ಬಂದಂತೆ ವಾದ್ಯ ದೂರವಾಯಿತು. ಬಡತನವನ್ನೂ ತಾತ್ಸಾರವನ್ನೂ ಮಾತ್ರ ಕೊಟ್ಟ ವೃತ್ತಿಯನ್ನು ತಂದೆಯೇ ಮಗನಿಗೆ ಬೇಡವೆಂದರೆ ಅವನನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಅವರು ಬಿಟ್ಟ ಜಾಗಕ್ಕೆ ಅನೇಕ ಗುಡಿಗಳಲ್ಲಿ ಈಗ ವಿದ್ಯುತ್ ಯಂತ್ರ ಬಂದಿದೆ. ಗುಂಡಿ ಒತ್ತಿದೊಡನೆ ನಗಾರಿ, ಜಾಗಟೆ, ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ಯಂತ್ರಕ್ಕೆ ಉಂಬಳಿ ಬೇಡ, ಊಟ ಬೇಡ. ಆದರೆ ಮಂಗಳಾರತಿ ಎತ್ತುವ ಕೈ ನಿಧಾನಿಸಿದರೆ ತಾನೂ ನಿಧಾನಿಸಬೇಕೆಂಬುದು ಯಂತ್ರಕ್ಕೆ ತಿಳಿಯದು. ಭೂಪಾಳವೂ ನೀಲಾಂಬರಿಯೂ ಅದಕ್ಕೆ ಒಂದೇ, ಬೆಳಗೂ ರಾತ್ರಿಯೂ ಒಂದೇ.

ಗೌರವವೂ ಶಿಕ್ಷಣವೂ ದೊರೆತರೆ ದೇವಾಲಯದ ವಾದ್ಯವು ಎಷ್ಟು ಎತ್ತರಕ್ಕೆ ಬೆಳೆಯಬಲ್ಲದು ಎಂಬುದಕ್ಕೆ ನಿದರ್ಶನಗಳಿವೆ. ಬಂಟ್ವಾಳ ತಾಲ್ಲೂಕಿನಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಶಾಸ್ತ್ರೀಯ ಸಂಗೀತಕ್ಕೆ ಒಲಿಸಿಕೊಂಡು 1994ರಲ್ಲಿ ಲಂಡನ್ನಿನ ಬಿಬಿಸಿ ಸಂಗೀತೋತ್ಸವದವರೆಗೆ ಹೋದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ಅವರು ಲಿಂಗೈಕ್ಯರಾದಂತೆ ನಾದದಲ್ಲಿಯೇ ಐಕ್ಯರಾದರೂ ಕರಾವಳಿ ಮಲೆನಾಡುಗಳ ಉತ್ಸವಗಳಲ್ಲಿ ಆ ವಾದ್ಯವು ಇಂದಿಗೂ ಮೊಳಗುತ್ತಿದೆ. ನೆರೆಯ ಕೇರಳದಲ್ಲಿ ಮಹಾಕವಿ ವಳ್ಳತ್ತೋಳರು 1930ರಲ್ಲಿ ಸ್ಥಾಪಿಸಿದ ಕಲಾಮಂಡಲದಲ್ಲಿ ಚೆಂಡೆ ಮದ್ದಳೆಗಳನ್ನು ಪಾಠಕ್ರಮದಂತೆ ಕಲಿಸಲಾಗುತ್ತದೆ. ಜಾತಿಗೆ ಅಂಟಿಕೊಂಡಿದ್ದ ವಿದ್ಯೆಯು ಅಲ್ಲಿ ಶಾಲೆಗೆ ಬಂದು ಎಲ್ಲರದಾಯಿತು, ಕಲಿಸುವವನು ಗುರುವೆನಿಸಿಕೊಂಡನು.

ಮಲೆನಾಡಿನ ಗುಡಿಗಳಿಗೂ ಈ ದಾರಿ ಮುಚ್ಚಿಲ್ಲ. ಕಾಫಿಯ ಬೆಲೆ ಚೆನ್ನಾಗಿರುವ ವರ್ಷಗಳಲ್ಲಿ ಜೀರ್ಣೋದ್ಧಾರಕ್ಕೆಂದು, ಬ್ರಹ್ಮಕಲಶಕ್ಕೆಂದು ಭಕ್ತರು ಉದಾರವಾಗಿ ಕೊಡುತ್ತಾರೆ. ಕಲ್ಲಿಗೂ ತಾಮ್ರದ ಹೊದಿಕೆಗೂ ಕೊಡುವ ಹಣದ ಒಂದು ಸಣ್ಣ ಪಾಲನ್ನು ವಾದ್ಯದವರ ತಿಂಗಳ ಸಂಬಳಕ್ಕೆ, ಅವರ ಮಕ್ಕಳ ಓದಿಗೆ, ಕಲಿಯಬಯಸುವ ಯಾವ ಜಾತಿಯ ಬಾಲಕ ಬಾಲಕಿಗಾದರೂ ನಾಗಸ್ವರ ಕಲಿಸುವುದಕ್ಕೆ ಎಂದು ತೆಗೆದಿರಿಸಿದರೆ ಯಂತ್ರವು ತಾನಾಗಿಯೇ ಮೂಲೆ ಸೇರುತ್ತದೆ. ಉತ್ಸವದ ಆಮಂತ್ರಣದಲ್ಲಿ ದಾನಿಗಳ, ಅತಿಥಿಗಳ ಹೆಸರುಗಳ ಸಾಲಿನೊಂದಿಗೆ ಅಂದು ನುಡಿಸುವವರ ಹೆಸರನ್ನೂ ಅಚ್ಚು ಹಾಕಿಸಲು ಖರ್ಚೇನೂ ಇಲ್ಲ.

ಪಂಚಮಹಾಶಬ್ದದ ಬಿರುದನ್ನು ಹೊತ್ತ ಅರಸರು ಇಂದಿಲ್ಲ. ಅವರ ಹೆಸರುಗಳು ಕಲ್ಲಿನಲ್ಲಿವೆ. ಅವರಿಗಾಗಿ ಕೊಂಬು ಹಿಡಿದವರ ವಂಶದವರು ಇಂದೂ ಇದ್ದಾರೆ, ಅವರ ಹೆಸರುಗಳು ಕಲ್ಲಿನಲ್ಲಿಲ್ಲ. ಕಳಸದಲ್ಲಿ ಗಿರಿಜಾ ಕಲ್ಯಾಣ ನಡೆಯುವ ದಿನ ವಾದ್ಯದ ನಾದವು ಭದ್ರೆಯ ಕಣಿವೆಯಲ್ಲಿ ಮೊಳಗುವಾಗ ದೇವರಿಗೆ ಕೈಮುಗಿದ ಭಕ್ತನು ಒಂದು ಕ್ಷಣ ಅಂಗಳದತ್ತ ತಿರುಗಿ ನುಡಿಸುವವನ ಮುಖವನ್ನು ನೋಡಿ, ಅವನ ಹೆಸರನ್ನು ಕೇಳಿ, ಶರಣೆಂದರೆ ಆ ಪೂಜೆ ಪೂರ್ಣವಾಗುತ್ತದೆ.